ಸೊರಗು ರೋಗದ ಬೇರನ್ನು ಅರಸಿದ ವೈದ್ಯ: ಸರ್ ಎಡ್ವಿನ್ ಜಾನ್ ಬಟ್ಲರ್

ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ಸಾತಪುರವಿದೆ. ಕಾರ್ಖಾನೆಗಳ ಊರೆಂದೇ ಅದಕ್ಕೆ ಹೆಸರು. ಉದ್ಯೋಗವನ್ನರಸಿ ಬಂದು ಇಲ್ಲಿಯೇ ನೆಲೆನಿಂತ ಕನ್ನಡಿಗರಿಗೂ ಈ ಊರು ಅಪರಿಚಿತವಲ್ಲ. ಆದರೆ ಕಾರ್ಖಾನೆಗಳ ಸಾಲು ಮುಗಿದು ಸ್ವಲ್ಪ ದೂರ ಸಾಗಿದರೆ ದ್ರಾಕ್ಷಿ, ಈರುಳ್ಳಿ, ಟೊಮೆಟೊಗಳ ಇನ್ನೊಂದು ಲೋಕವೇ ತೆರೆದುಕೊಳ್ಳುತ್ತದೆ. ಇದೇ ಜಿಲ್ಲೆಯ ಪಿಂಪಳಗಾಂವ ಬಸವಂತದ ಟೊಮೆಟೊ ಮಾರುಕಟ್ಟೆ ದೇಶದಲ್ಲೆಲ್ಲ ಹೆಸರಾದದ್ದು.

ನಾವು ಅಲ್ಲಿನ ಬ್ಯಾಂಕ್ ಶಾಖೆಯೊಂದರಲ್ಲಿ ಬೆಳೆಸಾಲದ ಕಾಗದಪತ್ರ ನೋಡುತ್ತಿದ್ದ ಕಾಲದಲ್ಲಿ ರೈತರೊಬ್ಬರು ಎರಡು ಟೊಮೆಟೊ ಗಿಡಗಳನ್ನು ಬೇರುಸಹಿತ ಕಿತ್ತು ತಂದು ನಮ್ಮ ಮೇಜಿನ ಮೇಲಿಟ್ಟರು. ಒಂದು ಕಾಂಡವನ್ನು ಉಗುರಿನಿಂದ ಸೀಳಿ ತೋರಿಸಿದರು. ಹಸಿರು ತೊಗಟೆಯ ಕೆಳಗೆ ಕಂದು ಬಣ್ಣದ ಗೆರೆ ಬುಡದಿಂದ ಮೇಲಕ್ಕೆ ಹರಿದಿತ್ತು. ಮರಾಠಿಯಲ್ಲಿ ಇದಕ್ಕೆ ‘ಮರ್’ ರೋಗವೆನ್ನುತ್ತಾರೆ; ಸಾಯುವ ರೋಗವೆಂದು ಅದರ ಅರ್ಥ. ಅವರ ಅಳಲು ಸಾಲದ ಕಂತಿನ ಬಗ್ಗೆ ಮಾತ್ರ ಆಗಿರಲಿಲ್ಲ. ಅವರೂ ಪಕ್ಕದ ಹೊಲದವರೂ ಒಂದೇ ಅಂಗಡಿಯಿಂದ ರೋಗ ತಡೆಯುವ ಬೀಜವೆಂದು ಒಂದೇ ಬೀಜ ತಂದಿದ್ದರು. ಪಕ್ಕದ ಹೊಲ ಹಸಿರಾಗಿತ್ತು, ಇವರದು ಒಣಗಿತ್ತು. ಬೇಸಾಯದಲ್ಲಿ ತಪ್ಪಿದೆಯೆಂದು ಮನೆಯವರೇ ಅವರನ್ನು ದೂರುತ್ತಿದ್ದರು. ಕಲಾ ಪದವೀಧರರಾದ ನಮ್ಮ ಬಳಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ದೊರೆತ ಮಹನೀಯರೇ ಭಾರತದ ಶಿಲೀಂಧ್ರಶಾಸ್ತ್ರದ ಪಿತಾಮಹರೆಂದು ಹೆಸರಾದ ಸರ್ ಎಡ್ವಿನ್ ಜಾನ್ ಬಟ್ಲರ್. ನಮ್ಮ ಓದುಗರಲ್ಲಿ ಕಲಬುರಗಿ, ಬೀದರ, ವಿಜಯಪುರಗಳ ಕಡೆಯವರಿಗೆ ತೊಗರಿಯ ನೆಟೆ ರೋಗ ಗೊತ್ತೇ ಇದೆ. ಆ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ ಹೆಸರಿಟ್ಟವರು ಇವರೇ.

ವೈದ್ಯಕೀಯದಿಂದ ಸಸ್ಯಲೋಕಕ್ಕೆ

ಬಟ್ಲರ್ ಅವರು 1874ರ ಆಗಸ್ಟ್ 13ರಂದು ಐರ್ಲೆಂಡಿನ ಕ್ಲೇರ್ ಪ್ರಾಂತದ ಕಿಲ್ಕೀ ಎಂಬಲ್ಲಿ ಜನಿಸಿದರು. ಐರ್ಲೆಂಡಿನ ಜನ ಆಲೂಗಡ್ಡೆಯ ಕ್ಷಾಮವನ್ನು ಇನ್ನೂ ಮರೆಯದ ಕಾಲವದು. ಅವರು ಹುಟ್ಟುವುದಕ್ಕೆ ಮೂವತ್ತು ವರ್ಷಗಳಷ್ಟು ಹಿಂದೆ, 1845ರಿಂದ ಮೊದಲ್ಗೊಂಡು, ಅಂಗಮಾರಿ ರೋಗ ಆಲೂಗಡ್ಡೆಯ ಹೊಲಗಳನ್ನು ಕೊಳೆಸಿಹಾಕಿತ್ತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಹಸಿವಿನ ಹಿಂದೆಯೇ ಬಂದ ಕಾಯಿಲೆಗಳಿಂದಲೂ ಸತ್ತರು. ಅಷ್ಟೇ ಮಂದಿ ದೇಶ ಬಿಟ್ಟು ಹೋದರು. ಗಿಡಕ್ಕೆ ಬಂದ ರೋಗ ಒಂದು ನಾಡನ್ನೇ ಬರಿದು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಅವರು ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಓದಿ 1898ರಲ್ಲಿ ವೈದ್ಯ ಪದವಿ ಪಡೆದರು. ಆದರೆ ಅಲ್ಲಿನ ಪ್ರಾಧ್ಯಾಪಕ ಮಾರ್ಕಸ್ ಹಾರ್ಟಾಗ್ ಅವರ ಪ್ರಭಾವದಿಂದ, ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಬೂಷ್ಟುಗಳ ಕಡೆಗೆ ಮನಸ್ಸು ತಿರುಗಿತ್ತು. ರೋಗಿಗಳ ನಾಡಿ ಹಿಡಿಯಬೇಕಾದವರು ಸೂಕ್ಷ್ಮದರ್ಶಕ ಹಿಡಿದು ಪ್ಯಾರಿಸ್, ಆಂಟಿಬ್, ಫ್ರೈಬುರ್ಗ್ ಹಾಗೂ ಲಂಡನ್ ಸಮೀಪದ ಕ್ಯೂ ಸಸ್ಯೋದ್ಯಾನಗಳಲ್ಲಿ ಅಧ್ಯಯನ ನಡೆಸಿದರು. ವೈದ್ಯಶಿಕ್ಷಣ ಮಾತ್ರ ವ್ಯರ್ಥವಾಗಲಿಲ್ಲ. ರೋಗದ ಲಕ್ಷಣ ಬೇರೆ, ರೋಗದ ಕಾರಣ ಬೇರೆ ಎಂಬ ವೈದ್ಯನ ಎಚ್ಚರ ಅವರ ಬರಹಗಳಲ್ಲಿ ಕೊನೆಯವರೆಗೂ ಕಾಣುತ್ತದೆ.

ಭಾರತಕ್ಕೆ ಆಗಮನ

1901ರಲ್ಲಿ ಬಟ್ಲರ್ ಅವರು ಭಾರತ ಸರ್ಕಾರದ ಮೊದಲ ಶಿಲೀಂಧ್ರ ತಜ್ಞರಾಗಿ ಕಲ್ಕತ್ತೆಗೆ ಬಂದರು. ಮರುವರ್ಷ ಡೆಹರಾಡೂನಿಗೆ ವರ್ಗವಾಯಿತು. 1905ರಲ್ಲಿ ಬಿಹಾರದ ಪೂಸಾ ಎಂಬಲ್ಲಿ, ವೈಸರಾಯ್ ಕರ್ಜನ್ನರ ಕಾಲದಲ್ಲಿ, ಹೆನ್ರಿ ಫಿಪ್ಸ್ ಎಂಬ ಅಮೆರಿಕನ್ ದಾನಿಯ ಹಣದ ನೆರವಿನಿಂದ ಕೃಷಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ ಶಿಲೀಂಧ್ರ ವಿಭಾಗದ ಹೊಣೆ ಅವರಿಗೆ ಬಂತು.

ಕೆಲಸಕ್ಕೆ ಮಿತಿಯೇ ಇರಲಿಲ್ಲ. ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಯಾವ ಬೆಳೆಗೆ ಯಾವ ರೋಗವಿದೆಯೆಂಬ ಪಟ್ಟಿಯೇ ಇರಲಿಲ್ಲ. 1906ರಲ್ಲಿ ಹೇಮನ್ ಅವರೊಡನೆ ಗೋಧಿಯ ತುಕ್ಕು ರೋಗಗಳ ಮೇಲೆ ಬರೆದರು. ಕಬ್ಬಿನ ಕೆಂಪು ಕೊಳೆ ರೋಗವನ್ನು ಪರಿಶೀಲಿಸಿದರು. ಪೂರ್ವ ಬಂಗಾಳದ ಭತ್ತವನ್ನು ಹಾಳುಗೆಡವುತ್ತಿದ್ದ ‘ಉಫ್ರಾ’ ಎಂಬ ರೋಗಕ್ಕೆ ಶಿಲೀಂಧ್ರವಲ್ಲ, ಕಣ್ಣಿಗೆ ಕಾಣದ ದುಂಡುಹುಳು ಕಾರಣವೆಂದು 1913ರಲ್ಲಿ ತೋರಿಸಿಕೊಟ್ಟರು. ತಮ್ಮ ಶಾಸ್ತ್ರ ಶಿಲೀಂಧ್ರದ್ದೆಂದು ಎಲ್ಲ ರೋಗಕ್ಕೂ ಶಿಲೀಂಧ್ರವನ್ನೇ ಹೊಣೆ ಮಾಡುವ ಸ್ವಭಾವ ಅವರದಾಗಿರಲಿಲ್ಲ.

ನಮ್ಮ ಸಾತಪುರದ ರಸ್ತೆ ಹೋಗಿ ಸೇರುವ ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿ, ಬಂಗಾಳ ಕೊಲ್ಲಿಯನ್ನು ಸೇರುವೆಡೆಯಲ್ಲಿ ತಾಳೆ ಮರಗಳ ನಾಡನ್ನು ಹಾಯ್ದು ಹೋಗುತ್ತಾಳೆ. ಆ ಮುಖಜ ಪ್ರದೇಶದಲ್ಲಿ ತಾಳೆಯ ಸುಳಿ ಕೊಳೆತು ಮರಗಳು ಸಾಯತೊಡಗಿದ್ದವು. ಬಟ್ಲರ್ ಅವರು ಅದರ ಕಾರಣವನ್ನು ಗುರುತಿಸಿ 1907ರಲ್ಲಿ ವಿವರಿಸಿದರು. ಇಂದು ಫೈಟಾಫ್ಥೊರಾ ಪಾಮಿವೊರಾ ಎಂದು ಕರೆಯುವ ಆ ಜೀವಿ ತೆಂಗು, ಕೋಕೋ, ರಬ್ಬರ್ ಬೆಳೆಯುವ ದೇಶಗಳಲ್ಲೆಲ್ಲ ಕುಖ್ಯಾತಿ ಪಡೆದಿದೆ. ಅದೇ ದಿನಗಳಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗವೂ ಅವರ ಗಮನಕ್ಕೆ ಬಂದಿತ್ತು. ಆ ಕೆಲಸವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರು ಮುಂದುವರಿಸಿ, ಬೋರ್ಡೋ ಮಿಶ್ರಣದ ಸಿಂಪಡಣೆಯನ್ನು ತೋಟದವರಿಗೆ ಕಲಿಸಿಕೊಟ್ಟದ್ದನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುತ್ತಾರೆ. ನಮ್ಮ ಮನೆಗಳಲ್ಲಿ ಪತ್ರೊಡೆಗೆ ಬಳಸುವ ಕೆಸುವಿನ ಎಲೆಗೆ ಬರುವ ಅಂಗಮಾರಿಯನ್ನೂ ಬಟ್ಲರ್ ಅವರು ಬಿಟ್ಟಿಲ್ಲ. ಮುಂಬಯಿ ಪ್ರಾಂತದ ಜಿ. ಎಸ್. ಕುಲಕರ್ಣಿ ಅವರೊಡನೆ ಕೂಡಿ 1913ರಲ್ಲಿ ಅದರ ಮೇಲೊಂದು ದೀರ್ಘ ಲೇಖನ ಪ್ರಕಟಿಸಿದರು.

ತೊಗರಿಯ ನೆಟೆ ರೋಗ

ಹತ್ತಿ, ಕಬ್ಬು, ಗೋಧಿಗಳು ಆಳುವವರ ಬೊಕ್ಕಸಕ್ಕೂ ವ್ಯಾಪಾರಕ್ಕೂ ಬೇಕಾದ ಬೆಳೆಗಳು. ತೊಗರಿಯಾದರೋ ಜನರ ಅಡುಗೆಮನೆಯ ಬೆಳೆ. ಅದರ ರೋಗಕ್ಕೆ ಪೂಸಾದಲ್ಲಿ ಇಷ್ಟು ಶ್ರಮ ಸಂದದ್ದು ಸಣ್ಣ ಸಂಗತಿಯಲ್ಲ. ಹೂವು ಬಿಡುವ ಹೊತ್ತಿಗೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡುತ್ತದೆ. ಕಾಂಡದ ಬುಡದಿಂದ ನೇರಳೆ ಬಣ್ಣದ ಪಟ್ಟಿ ಮೇಲೇರುತ್ತದೆ. ತೊಗಟೆ ಸುಲಿದರೆ ಒಳಗಿನ ಕಟ್ಟಿಗೆ ಕಪ್ಪಾಗಿರುತ್ತದೆ. ನೀರು ಹಾಯಿಸಿದರೂ ಗಿಡ ಚೇತರಿಸುವುದಿಲ್ಲ. ಏಕೆಂದರೆ ಮಣ್ಣಿನಲ್ಲಿ ನೀರಿಲ್ಲವೆಂದು ಅದು ಬಾಡುವುದಲ್ಲ. ಬೇರಿನ ಮೂಲಕ ಒಳಹೊಕ್ಕ ಶಿಲೀಂಧ್ರ ನೀರು ಏರುವ ನಾಳಗಳನ್ನೇ ಕೆಡಿಸಿರುತ್ತದೆ. ಟೊಮೆಟೊವಿನಲ್ಲಿ ನಡೆಯುವುದೂ ಇದೇ. ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಎಷ್ಟೋ ವೇಳೆ ಒಂದೇ ಮಗ್ಗುಲಿನವು.

ಆ ಕಾಲದಲ್ಲಿ ಇಂಥ ರೋಗಗಳ ಬಗ್ಗೆ ಅಧಿಕಾರವಾಣಿಯಿಂದ ಬರೆದಿದ್ದವರು ಅಮೆರಿಕೆಯ ಎರ್ವಿನ್ ಸ್ಮಿತ್. ಹತ್ತಿ, ಕಲ್ಲಂಗಡಿ, ಅಲಸಂದೆಗಳು ಸೊರಗಲು ನಿಯೋಕಾಸ್ಮೊಸ್ಪೊರಾ ಎಂಬ ಶಿಲೀಂಧ್ರ ಕಾರಣವೆಂದೂ, ಅದೇ ಫ್ಯುಸೇರಿಯಂ ರೂಪದಲ್ಲಿಯೂ ಕಾಣಿಸುವುದೆಂದೂ 1899ರಲ್ಲಿ ಅವರು ಪ್ರತಿಪಾದಿಸಿದ್ದರು. ಸತ್ತ ತೊಗರಿಯ ಬೇರಿನಲ್ಲಿಯೂ ಎರಡೂ ದೊರೆಯುತ್ತಿದ್ದವು. ಹಿರಿಯರ ಮಾತನ್ನು ಒಪ್ಪಿ ಸುಮ್ಮನಾಗಬಹುದಿತ್ತು. ಬಟ್ಲರ್ ಅವರು ಹಾಗೆ ಮಾಡಲಿಲ್ಲ. ಎರಡನ್ನೂ ಬೇರೆಬೇರೆಯಾಗಿ ಶುದ್ಧವಾಗಿ ಬೆಳೆಸಿ, ಆರೋಗ್ಯವಂತ ಗಿಡಗಳಿಗೆ ತಗುಲಿಸಿ ಪರೀಕ್ಷಿಸಿದರು. ನಿಯೋಕಾಸ್ಮೊಸ್ಪೊರಾ ಸತ್ತ ಬೇರಿನ ಮೇಲೆ ಬದುಕುವ ನಿರುಪದ್ರವಿಯೆಂದೂ, ಗಿಡವನ್ನು ಕೊಲ್ಲುವುದು ಅದಕ್ಕೆ ಸಂಬಂಧವೇ ಇಲ್ಲದ ಫ್ಯುಸೇರಿಯಂ ಎಂದೂ ಸಿದ್ಧವಾಯಿತು. 1910ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಆ ಕೊಲೆಗಾರನಿಗೆ ಫ್ಯುಸೇರಿಯಂ ಯೂಡಮ್ ಎಂದು ಹೆಸರಿಟ್ಟರು. ಇಂದಿಗೂ ಅದೇ ಹೆಸರು ಬಳಕೆಯಲ್ಲಿದೆ. ಸತ್ತ ಗಿಡದ ಬಳಿ ಸಿಕ್ಕಿತೆಂಬ ಮಾತ್ರಕ್ಕೆ ಅಪರಾಧಿಯೆಂದು ತೀರ್ಮಾನಿಸದೆ ನಿಜವಾದ ಅಪರಾಧಿಯನ್ನು ಹಿಡಿದದ್ದು ಅವರ ದೊಡ್ಡ ಸಾಧನೆ.

ಕಾರಣ ತಿಳಿದ ಮೇಲೆ ಪರಿಹಾರ? ನಾಳದೊಳಗೆ ಅಡಗಿದ ವೈರಿಗೆ ಎಲೆಯ ಮೇಲಿನ ಸಿಂಪಡಣೆ ತಾಗುವುದಿಲ್ಲ. ಮಣ್ಣನ್ನೆಲ್ಲ ಔಷಧದಿಂದ ತೊಳೆಯುವುದು ಬಡ ರೈತನಿಂದ ಆಗದ ಮಾತು. ಬಾಡಿದ ಹೊಲದಲ್ಲಿಯೂ ಬದುಕಿ ನಿಂತ ಗಿಡದ ಬೀಜವನ್ನು ಆಯ್ದು ಬೆಳೆಸುವುದೇ ದಾರಿಯೆಂದು ಅವರು ಕಂಡುಕೊಂಡರು. ತೊಗರಿಯಲ್ಲಿ ನೆಟೆ ತಡೆಯುವ ಬೀಜದ ಆಯ್ಕೆಯ ಕುರಿತು 1908ರಲ್ಲಿಯೇ ಬರೆದಿದ್ದರು. ಅಲ್ಲಿಂದ ಮುಂದಿನ ನೂರು ವರ್ಷಗಳ ತಳಿ ಸಂಶೋಧನೆ ಈ ದಾರಿಯಲ್ಲಿಯೇ ನಡೆದಿದೆ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಮಹಾರಾಷ್ಟ್ರದ ನಾಟಿ ತೊಗರಿಯಿಂದ ಆಯ್ದ ಐಸಿಪಿ 8863 ಎಂಬ ತಳಿ ‘ಮಾರುತಿ’ ಎಂಬ ಹೆಸರಿನಲ್ಲಿ 1986ರಲ್ಲಿ ಕರ್ನಾಟಕದ ರೈತರಿಗೆ ದೊರೆತು, ತೊಗರಿಯ ಕಣಜವೆನಿಸಿದ ಕಲಬುರಗಿಯ ಸೀಮೆಯಲ್ಲಿ ಮನೆಮಾತಾಯಿತು.

ಒಂದು ಹೆಸರು, ಹಲವು ಒಳಪಂಗಡ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಸಾತಪುರದಲ್ಲಿ ಆ ರೈತರು ಗಿಡ ತಂದು ನಮ್ಮ ಮುಂದೆ ಇಡಬೇಕಾಗಿರಲಿಲ್ಲ. ಬಟ್ಲರ್ ಅವರು ಶಿಲೀಂಧ್ರಕ್ಕೆ ಒಂದು ಹೆಸರು ಕೊಟ್ಟರು. ಆ ಒಂದು ಹೆಸರಿನ ಒಳಗೆ ಎಷ್ಟು ಬಗೆಗಳು ಅಡಗಿವೆಯೆಂಬುದು ಅನಂತರದ ತಲೆಮಾರುಗಳಿಗೆ ತಿಳಿಯುತ್ತ ಬಂತು. ಇದಕ್ಕೆ ಟೊಮೆಟೊವಿನ ಚರಿತ್ರೆಯೇ ಒಳ್ಳೆಯ ಉದಾಹರಣೆ.

ಟೊಮೆಟೊವಿನ ಸೊರಗು ರೋಗವನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಜಾರ್ಜ್ ಮ್ಯಾಸೀ, 1895ರಲ್ಲಿ. ತೊಗರಿಯ ಶಿಲೀಂಧ್ರದ ದಾಯಾದಿಯಾದ ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬುದು ಇದಕ್ಕೆ ಕಾರಣ. ಬಾಳೆ, ಹತ್ತಿ, ಕಲ್ಲಂಗಡಿ, ಕಡಲೆಗಳನ್ನು ಸೊರಗಿಸುವುದೂ ಇದೇ ಹೆಸರಿನ ಶಿಲೀಂಧ್ರವೇ. ಆದರೆ ಬಾಳೆಯದು ಟೊಮೆಟೊವನ್ನು ಸೊರಗಿಸದು, ಟೊಮೆಟೊವಿನದು ಬಾಳೆಯನ್ನು ಸೊರಗಿಸದು. ಒಂದೊಂದು ಬೆಳೆಗೆ ಒಂದೊಂದು ಪಂಗಡ. ಟೊಮೆಟೊವಿನ ಪಂಗಡದೊಳಗೂ ಒಳಪಂಗಡಗಳುಂಟು. 1930ರ ದಶಕದ ಕೊನೆಯಲ್ಲಿ ಅಮೆರಿಕೆಯ ವಿಜ್ಞಾನಿಗಳು ಸಣ್ಣ ಕಾಯಿಯ ಕಾಡು ಟೊಮೆಟೊವೊಂದರಲ್ಲಿ ರೋಗ ತಡೆಯುವ ವಂಶವಾಹಿಯನ್ನು ಕಂಡು ನಾಡತಳಿಗಳಿಗೆ ಸೇರಿಸಿದರು. ರೋಗ ಗೆದ್ದೆವೆಂದು ನಿಟ್ಟುಸಿರು ಬಿಡುವಷ್ಟರಲ್ಲಿ, 1945ರಲ್ಲಿ ಒಹಾಯೊ ರಾಜ್ಯದಿಂದ, ಆ ತಡೆಯನ್ನು ಮೀರಿದ ಎರಡನೆಯ ಒಳಪಂಗಡದ ಸುದ್ದಿ ಬಂತು. ಅದಕ್ಕೂ ತಡೆ ಸಿಕ್ಕಿತು. 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ಮೂರನೆಯದು ತಲೆಯೆತ್ತಿತು.

ಇದು ಹೇಗೆ ಸಾಧ್ಯ? ಬ್ಯಾಂಕಿನವರಾದ ನಮಗೆ ಇದನ್ನು ಮಾದರಿ ಸಹಿಯ ಉಪಮೆಯಿಂದ ಹೇಳುವುದು ಸುಲಭ. ಗಿಡದೊಳಗೆ ನುಗ್ಗಿದ ಶಿಲೀಂಧ್ರ ಕೆಲವು ಪ್ರೋಟೀನುಗಳನ್ನು ಸ್ರವಿಸುತ್ತದೆ. ತಡೆಯುವ ಶಕ್ತಿಯುಳ್ಳ ಗಿಡದ ಬಳಿ ಆ ಪ್ರೋಟೀನಿನ ಗುರುತು, ನಮ್ಮ ಕಡತದಲ್ಲಿನ ಮಾದರಿ ಸಹಿಯಂತೆ, ಇರುತ್ತದೆ. ತಾಳೆಯಾದೊಡನೆ ಕಳ್ಳನೆಂದು ಗುರುತಿಸಿ ಗಿಡ ಬಾಗಿಲು ಮುಚ್ಚುತ್ತದೆ. ಎರಡನೆಯ ಒಳಪಂಗಡ ಆ ಪ್ರೋಟೀನಿನ ವಂಶವಾಹಿಯನ್ನೇ ಕಳೆದುಕೊಂಡಿದೆ. ಮೂರನೆಯದು ಇನ್ನೊಂದು ಪ್ರೋಟೀನಿನಲ್ಲಿ ಒಂದೇ ಒಂದು ಅಕ್ಷರದಷ್ಟು ಬದಲಾವಣೆ ಮಾಡಿಕೊಂಡಿದೆ. ಸಹಿ ತಾಳೆಯಾಗದೆ, ಕಾವಲುಗಾರ ಕಳ್ಳನನ್ನು ಗುರುತಿಸಲಾರದೆ ಹೋಗುತ್ತಾನೆ.

ಇದಕ್ಕಿಂತಲೂ ಬೆರಗಿನ ಸಂಗತಿ 2010ರಲ್ಲಿ ಹೊರಬಂತು. ಹಲವು ದೇಶಗಳ ವಿಜ್ಞಾನಿಗಳು ಕೂಡಿ ಟೊಮೆಟೊ ಶಿಲೀಂಧ್ರದ ವಂಶವಾಹಿಗಳನ್ನೆಲ್ಲ ಓದಿ, ಅದರಲ್ಲಿ ದಾಯಾದಿಗಳಿಗಿಲ್ಲದ ನಾಲ್ಕು ಹೆಚ್ಚುವರಿ ವರ್ಣತಂತುಗಳಿವೆಯೆಂದೂ, ಟೊಮೆಟೊವನ್ನು ಪೀಡಿಸುವ ಸಾಮರ್ಥ್ಯ ಅವುಗಳಲ್ಲಿದೆಯೆಂದೂ ತೋರಿಸಿದರು. ಪ್ರಯೋಗಶಾಲೆಯಲ್ಲಿ ಅಂಥ ವರ್ಣತಂತು ಒಂದು ಶಿಲೀಂಧ್ರದಿಂದ ಇನ್ನೊಂದಕ್ಕೆ ದಾಟಿತು. ಅದುವರೆಗೆ ನಿರುಪದ್ರವಿಯಾಗಿದ್ದದ್ದು ಟೊಮೆಟೊ ಕೊಲ್ಲುವಂತಾಯಿತು. ಗಂಡುಹೆಣ್ಣಿನ ಕೂಡುವಿಕೆ ಈ ಶಿಲೀಂಧ್ರದಲ್ಲಿ ಕಂಡುಬಂದಿಲ್ಲ. ಆದರೂ ಇಷ್ಟು ವೈವಿಧ್ಯ ಎಲ್ಲಿಂದ ಬಂತೆಂಬುದಕ್ಕೆ ಇದೊಂದು ಉತ್ತರ. ಭಾರತದ ಬೇರೆಬೇರೆ ರಾಜ್ಯಗಳ ಹೊಲಗಳಿಂದ ಸಂಗ್ರಹಿಸಿದ ಮಾದರಿಗಳ ಡಿಎನ್‌ಎ ಹೋಲಿಸಿದವರೂ ಒಂದೇ ಸೀಮೆಯೊಳಗೇ ಗಣನೀಯ ವ್ಯತ್ಯಾಸವನ್ನು ಕಂಡಿದ್ದಾರೆ. ಪಕ್ಕದ ಹೊಲದಲ್ಲಿ ತಾಳಿಕೊಂಡ ಬೀಜ ಈ ಹೊಲದಲ್ಲಿ ಸೋಲುವುದಕ್ಕೆ ರೈತನ ಬೇಸಾಯವೇ ಕಾರಣವಾಗಬೇಕಿಲ್ಲ. ಮಣ್ಣಿನಲ್ಲಿರುವ ಒಳಪಂಗಡ ಬೇರೆಯಾಗಿರಬಹುದು.

ತೊಗರಿಯ ಕಥೆಯೂ ಭಿನ್ನವಲ್ಲ. ಫ್ಯುಸೇರಿಯಂ ಯೂಡಮ್‌ನಲ್ಲಿಯೂ ಹಲವು ಬಗೆಗಳನ್ನು ಗುರುತಿಸಲಾಗಿದ್ದು, ಒಂದೆಡೆ ನಿಂತ ತಳಿ ಇನ್ನೊಂದೆಡೆ ಸೊರಗುವುದುಂಟು. ನೆಟೆಯನ್ನು ಗೆದ್ದ ಮಾರುತಿ ತಳಿ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆ ರೋಗದಿಂದ ವ್ಯಾಪಕವಾಗಿ ಒಣಗಿ, ರೈತರು ಪರಿಹಾರಕ್ಕಾಗಿ ಬೀದಿಗಿಳಿಯಬೇಕಾಯಿತು. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೇಳೆಯ ನಾಡಿಗೆ ಮೂರೇ ವರ್ಷಗಳಲ್ಲಿ ಬಂದ ಈ ಸಂಕಟವನ್ನು ನಮ್ಮ ಬಂಧುಗಳನೇಕರು ಕಣ್ಣಾರೆ ಕಂಡಿದ್ದಾರೆ.

ಬಟ್ಲರ್ ಅವರು ಬಿಟ್ಟುಹೋದ ಆಸ್ತಿ

ಹಾಗಾದರೆ ಬಟ್ಲರ್ ಅವರ ಉತ್ತರ ಹಳತಾಯಿತೇ? ನಮಗೆ ಹಾಗೆ ತೋರುವುದಿಲ್ಲ. ಅವರು ತಮ್ಮ ಕಾಲಕ್ಕೆ ತಿಳಿದಷ್ಟನ್ನು ಹೇಳಿದ್ದಲ್ಲದೆ, ಮುಂದಿನವರು ಪರೀಕ್ಷಿಸಲು ಬೇಕಾದ ಸಾಮಗ್ರಿಯನ್ನೂ ಕೂಡಿಟ್ಟರು. ಪೂಸಾದಲ್ಲಿ ಅವರು 1905ರಲ್ಲಿ ಆರಂಭಿಸಿದ ಶಿಲೀಂಧ್ರ ಮಾದರಿಗಳ ಭಂಡಾರದಲ್ಲಿ ದೇಶದ ಮೂಲೆಮೂಲೆಗಳ ರೋಗಪೀಡಿತ ಎಲೆ, ಕಾಂಡ, ಬೇರುಗಳು ಸಿಕ್ಕ ಊರು, ದಿನಾಂಕಗಳ ಸಹಿತ ಸೇರುತ್ತ ಹೋದವು. 1934ರ ಜನವರಿಯ ಬಿಹಾರ ಭೂಕಂಪದಲ್ಲಿ ಪೂಸಾ ಸಂಸ್ಥೆಯ ಕಟ್ಟಡ ಹಾಳಾಗಿ, ಸಂಸ್ಥೆ 1936ರಲ್ಲಿ ದಿಲ್ಲಿಗೆ ಬಂತು. ಭಂಡಾರವೂ ಜೊತೆಗೆ ಬಂದು ಇಂದಿಗೂ ಅಲ್ಲಿನ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. ಒಂದು ಊರಿನ ಶಿಲೀಂಧ್ರವನ್ನು ಇನ್ನೊಂದು ಊರಿನದರೊಡನೆ ಹೋಲಿಸಬೇಕೆಂಬ ಅಭ್ಯಾಸ ನಮ್ಮ ದೇಶದಲ್ಲಿ ಬೇರೂರಿದ್ದು ಇಂಥ ಕೆಲಸದಿಂದಲೇ.

1918ರಲ್ಲಿ ಪ್ರಕಟವಾದ ಅವರ ಗ್ರಂಥ, ಶಿಲೀಂಧ್ರಗಳಿಂದ ನಮ್ಮ ಬೆಳೆಗಳಿಗೆ ಬರುವ ರೋಗಗಳನ್ನು ಕುರಿತದ್ದು, ಭಾರತದ ಸಸ್ಯರೋಗಶಾಸ್ತ್ರದ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಆಧಾರಗ್ರಂಥವಾಗಿತ್ತು. ಕ್ಯೂನಲ್ಲಿ 1920ರಲ್ಲಿ ಸ್ಥಾಪನೆಯಾದ ಸಾಮ್ರಾಜ್ಯದ ಶಿಲೀಂಧ್ರ ಕಚೇರಿಯ ಮೊದಲ ನಿರ್ದೇಶಕರಾಗಿ ಅವರು ಇಂಗ್ಲೆಂಡಿಗೆ ಮರಳಿದರು. ಜಗತ್ತಿನೆಲ್ಲೆಡೆಯ ಸಂಶೋಧನೆಗಳ ಸಾರವನ್ನು ಕೊಡುವ ಪತ್ರಿಕೆಯನ್ನು 1922ರಲ್ಲಿ ಆರಂಭಿಸಿದರು. 1926ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಭಾರತದ ನೆನಪು ಅವರನ್ನು ಬಿಡಲಿಲ್ಲ. 1931ರಲ್ಲಿ ಬಿಸ್ಬಿ ಅವರೊಡನೆ ಕೂಡಿ ಭಾರತದ ಶಿಲೀಂಧ್ರಗಳ ಸಮಗ್ರ ಪಟ್ಟಿಯನ್ನು ಹೊರತಂದರು. 1935ರಲ್ಲಿ ಇಂಗ್ಲೆಂಡಿನ ಕೃಷಿ ಸಂಶೋಧನಾ ಮಂಡಳಿಯ ಕಾರ್ಯದರ್ಶಿಯಾದರು. 1939ರಲ್ಲಿ ಸರ್ ಪದವಿ ಬಂತು. 1943ರ ಏಪ್ರಿಲ್ 4ರಂದು, ಮಹಾಯುದ್ಧ ನಡೆಯುತ್ತಿರುವಾಗಲೇ, ಅವರು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಬರೆಯುತ್ತಿದ್ದ ಸಸ್ಯರೋಗಗಳ ಮಹಾಗ್ರಂಥವನ್ನು ಎಸ್. ಜಿ. ಜೋನ್ಸ್ ಅವರು ಪೂರ್ಣಗೊಳಿಸಿದ್ದು 1949ರಲ್ಲಿ ಬೆಳಕು ಕಂಡಿತು.

ಇಂದಿನ ರೈತರಿಗೆ ಇದರಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಬೀಜದ ಪೊಟ್ಟಣದ ಮೇಲೆ ಸೊರಗು ನಿರೋಧಕವೆಂದು ಬರೆದಿದ್ದರೆ ಸಾಲದು, ಯಾವ ಒಳಪಂಗಡಕ್ಕೆ ನಿರೋಧಕವೆಂದು ವಿಚಾರಿಸಬೇಕು. ಸೊರಗಿದ್ದು ಶಿಲೀಂಧ್ರದಿಂದಲೋ ಬ್ಯಾಕ್ಟೀರಿಯಾದಿಂದಲೋ ಎಂದು ನೋಡಿಕೊಳ್ಳಬೇಕು. ಕತ್ತರಿಸಿದ ಕಾಂಡವನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ. ಶಿಲೀಂಧ್ರದ ದಪ್ಪ ಗೋಡೆಯ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತವೆಯಾದ್ದರಿಂದ ರೋಗ ಬಂದ ಹೊಲದ ಮಣ್ಣು ನೇಗಿಲು, ಟ್ರ್ಯಾಕ್ಟರುಗಳಿಗೆ ಮೆತ್ತಿಕೊಂಡು ಬೇರೆ ಹೊಲಕ್ಕೆ ಹೋಗದಂತೆ ಕಾಯಬೇಕು. ತೊಗರಿಯ ನಡುವೆ ಜೋಳ ಬಿತ್ತುವ ನಮ್ಮ ಹಿರಿಯರ ರೂಢಿ ನೆಟೆಯನ್ನು ತಗ್ಗಿಸುತ್ತದೆಂಬುದನ್ನು ವಿಜ್ಞಾನಿಗಳೂ ಪ್ರಯೋಗದಿಂದ ಕಂಡುಕೊಂಡಿದ್ದಾರೆ.

ಆ ರೈತರಿಗೆ ನಾವು ಅಂದು ಹೇಳಲು ಸಾಧ್ಯವಾದದ್ದು ಗಿಡಗಳನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರೆಂದು ಮಾತ್ರ. ಅವರು ಒಯ್ದರು. ಮರುವರ್ಷ ಆ ತುಂಡಿನಲ್ಲಿ ಟೊಮೆಟೊ ಬಿಟ್ಟು ಮೆಕ್ಕೆಜೋಳ ಹಾಕಿದರು. ಸಾಲದ ಕಂತಿಗೆ ಬಂದಾಗ, ಮನೆಯವರು ಈಗ ತಮ್ಮನ್ನು ದೂರುವುದಿಲ್ಲವೆಂದು ತಿಳಿಸಿದರು. ನಾವು ಊಟಕ್ಕೆ ಕುಳಿತಾಗ ತಟ್ಟೆಗೆ ಬೀಳುವ ತೊಗರಿಬೇಳೆ, ಟೊಮೆಟೊಗಳ ಸಾರಿನ ಹಿಂದೆ ಇಂಥ ಎಷ್ಟೋ ರೈತರ ಆತಂಕವಿದೆ. ಜೊತೆಗೇ, ಆಳುವ ದೇಶದಿಂದ ಬಂದರೂ ಆಳಿಸಿಕೊಂಡವರ ಬೇಳೆಯ ಗಿಡವೇಕೆ ಬಾಡುತ್ತದೆಂದು ವರ್ಷಗಟ್ಟಲೆ ಬೇರು ಸೀಳಿ ನೋಡಿದ ಒಬ್ಬ ವೈದ್ಯರ ಪರಿಶ್ರಮವೂ ಇದೆ. 2024ಕ್ಕೆ ಅವರು ಜನಿಸಿ 150 ವರ್ಷ ತುಂಬಿದವು. ಕನ್ನಡ ನಾಡಿನ ತೊಗರಿ, ಅಡಿಕೆ, ಕೆಸುಗಳಿಗೆಲ್ಲ ಬೇಕಾದವರಾಗಿದ್ದ ಈ ಹಿರಿಯರಿಗೆ ಕೃತಜ್ಞತೆಯ ನಮನ ಸಲ್ಲಿಸೋಣ.